ಅರ್ಧ ಟ್ಯಾಂಕಿನ ಸೆಕ್ರೆಟರಿ

ಒಂದು ವಸ್ತುವನ್ನು ಜೋಪಾನವಾಗಿ ಎತ್ತಿಡುವುದರಲ್ಲಿ ನನ್ನನ್ನು ಮೀರಿಸುವವರು ಹೊಸಪೇಟೆಯಲ್ಲಿ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಮದುವೆಯಲ್ಲಿ ಮಾವನವರು ಕೊಟ್ಟ ಇಂಕ್ ಪೆನ್ನು ಇವತ್ತಿಗೂ ನನ್ನಲ್ಲಿದೆ. ಅದನ್ನು ಮುಖ್ಯವಾದ ಸಹಿಗಳಿಗೆ ಮಾತ್ರ ಬಳಸತಕ್ಕದ್ದು ಎಂದು ಡಬ್ಬಿಯಲ್ಲಿಟ್ಟಿದ್ದೆ. ಅಂಥ ಮುಖ್ಯವಾದ ಸಹಿಯ ಪ್ರಸಂಗವೇ ಬಂದಿರಲಿಲ್ಲ, ಆ ಮಾತು ಬೇರೆ. ಸರ್ಕಾರಿ ಕಚೇರಿಯೊಂದರಲ್ಲಿ ನಾನು ರೆಕಾರ್ಡ್ ರೂಮಿನ ಗುಮಾಸ್ತ. ಇಪ್ಪತ್ತೆರಡು ವರ್ಷದಲ್ಲಿ ನಾನು ಎತ್ತಿಟ್ಟ ಒಂದು ಕಡತವೂ ಕಳೆದಿಲ್ಲ. ಸಿಕ್ಕಿಲ್ಲ, ಅಷ್ಟೇ!

ಈ ಖ್ಯಾತಿಯಿಂದಲೇ ನಾನು ನಮ್ಮ ಕಾಲೋನಿ ಸಂಘದ ಸೆಕ್ರೆಟರಿ ಆದೆ. ಸಂಡೂರಿನ ಗುಡ್ಡಗಳೆಲ್ಲ ಲಾರಿ ಹತ್ತಿ ಹಡಗಿನ ಕಡೆ ಹೊರಟಿದ್ದ ಕಾಲ ಅದು. ಅದಿರಿನ ಲಾರಿಗಳು ನಮ್ಮ ಕಾಲೋನಿಯ ಪಕ್ಕದಲ್ಲೇ ಹಗಲೆಲ್ಲ ಹಾಯುತ್ತಿದ್ದವು. ಕೆಂಪು ಧೂಳು ನಮ್ಮ ಮನೆಗಳಲ್ಲಿ ಬಾಡಿಗೆದಾರನಂತೆ ವಾಸವಾಗಿತ್ತು. ಒಗೆದ ಬಟ್ಟೆ ಒಣಗುವ ಹೊತ್ತಿಗೆ ಮತ್ತೆ ಒಗೆಯಬೇಕು. ಒಗೆಯಲು ನೀರೆಲ್ಲಿದೆ? ಅಷ್ಟು ದೊಡ್ಡ ತುಂಗಭದ್ರಾ ಅಣೆಕಟ್ಟು ಕೂಗಳತೆಯಲ್ಲಿದ್ದರೂ ನಮ್ಮ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಕಾಲೋನಿಗೊಂದು ಸ್ವಂತ ಬೋರ್‌ವೆಲ್ ಬೇಕು ಎಂಬುದು ನಮ್ಮ ಸಂಘ ಹುಟ್ಟಿದಾಗಿನ ಆಸೆ.

ಆ ಆಸೆಗೆ ಜೀವ ಬಂದದ್ದು ಹುಲುಗಪ್ಪನವರಿಂದ. ಇವರು ಹಿಂದೆ ಲಾರಿ ಕ್ಲೀನರ್ ಆಗಿದ್ದವರು, ಈಗ ಸಾಲುಗಟ್ಟಲೆ ಲಾರಿಗಳ ಧಣಿ. ಹೊಸ ಬಂಗಲೆ ಕಟ್ಟಿಸಿ, ಮುಂದೆ ಹುಲ್ಲುಹಾಸು ಹಾಕಿಸಿ, ಅದನ್ನು ಕತ್ತರಿಸಲು ಪೆಟ್ರೋಲಿನ ಯಂತ್ರವೊಂದನ್ನು ತರಿಸಿದರು. ಯಂತ್ರ ಬಂತು, ಹುಲ್ಲು ಹೋಯಿತು. ಧೂಳಿಗೆ ಹುಲ್ಲೆಲ್ಲ ಒಣಗಿ ನೆಲ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಆಗ ಅವರು ಯಂತ್ರವನ್ನು ನಮ್ಮ ಕಾಲೋನಿಯ ಪಾರ್ಕಿಗೆ ದಾನ ಮಾಡಿದರು.

ದಸರೆಯ ಆಯುಧಪೂಜೆಯ ದಿನ ಅದನ್ನು ನನ್ನ ಕೈಗೆ ಒಪ್ಪಿಸುತ್ತ ಎಲ್ಲರೆದುರು ಒಂದು ಮಾತು ಹೇಳಿದರು.

"ನೋಡ್ರಿ ಸೆಕ್ರೆಟ್ರಿ, ಇದು ನನ್ನ ಮೊದಲ್ನೇ ಲಾರಿ ಇದ್ದಂಗ. ಚಂದ ಇಟ್ಕಳ್ರಿ. ಬರೋ ಮಳಿಗಾಲಕ್ಕ ನಾನ ಬಂದು ಹಗ್ಗ ಎಳೀತೀನಿ. ಚಾಲೂ ಆತು ಅಂದ್ರ ನಿಮ್ಮ ಕಾಲೋನಿಗೆ ಮೋಟ್ರು ಸಮೇತ ಬೋರ್ ಹಾಕಿಸಿಕೊಡ್ತೀನಿ. ಇಷ್ಟು ಸಣ್ಣ ಮೆಷಿನ್ ನೋಡ್ಕಳ್ಳಾಕ ಬರದವ್ರು ಬೋರಿನ ಮೋಟ್ರು ಏನ್ ನೋಡ್ಕಂತೀರಿ?"

ಕಾಲೋನಿಯ ಹೆಂಗಸರೆಲ್ಲ ಒಮ್ಮೆಲೇ ನನ್ನ ಕಡೆ ನೋಡಿದರು. ನಾನು ಎದೆಯುಬ್ಬಿಸಿ, "ಧಣೇರ, ಎತ್ತಿಡೋದು ಅಂದ್ರ ನಾನು, ನಾನು ಅಂದ್ರ ಎತ್ತಿಡೋದು" ಎಂದೆ. ನನ್ನ ಹೆಂಡತಿ ಪಂಪಾವತಿ ಮಾತ್ರ ಸೆರಗು ಬಾಯಿಗೆ ಹಿಡಿದುಕೊಂಡಳು. ಸಂತೋಷಕ್ಕೆ ಎಂದುಕೊಂಡೆ.

ದೀಪಾವಳಿ ಕಳೆದು ಒಂದು ತಿಂಗಳಿಗೆ ಪಾರ್ಕಿನ ಹುಲ್ಲು ಒಣಗಿತು. ಯಂತ್ರಕ್ಕೆ ಇನ್ನು ಆರೇಳು ತಿಂಗಳು ರಜೆ. ಅದನ್ನು ಎತ್ತಿಡುವ ಐತಿಹಾಸಿಕ ಗಳಿಗೆ ಬಂದಿತ್ತು. ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲು ಇತ್ತು. ಏನು ಮಾಡುವುದು? ಕಚೇರಿಯ ಪದ್ಧತಿಯಂತೆ ನಾನು ಸಂಬಂಧಪಟ್ಟವರ ಅಭಿಪ್ರಾಯ ಪಡೆಯಲು ಹೊರಟೆ. ಅಲ್ಲಿಗೆ ಕೆಟ್ಟಿತು ನೋಡಿ!

ಮೊದಲು ಪಕ್ಕದ ಮನೆಯ ರಾಘವೇಂದ್ರಾಚಾರ್ಯರು. ನಿವೃತ್ತ ಇಂಜಿನಿಯರು, ಜನಿವಾರ ಬಿಟ್ಟರೆ ಲೆಕ್ಕ ಹಾಕುವ ಸ್ಲೈಡ್ ರೂಲನ್ನೇ ಹೆಚ್ಚು ನಂಬಿದವರು.

"ಟ್ಯಾಂಕ್ ಕಂಠಮಟ್ಟ ತುಂಬಿಸಿಡು ಕೊಟ್ರೇಶಪ್ಪ. ಖಾಲಿ ಜಾಗ ಇದ್ದರೆ ಗಾಳಿ ಸೇರ್ತದೆ. ಗಾಳಿಯೊಳಗೆ ತೇವ ಇರ್ತದೆ. ಟ್ಯಾಂಕ್ ತುಕ್ಕು ಹಿಡೀತದೆ. ಜೊತೆಗೆ ಪೆಟ್ರೋಲ್ ಕೆಡದಂಗೆ ಒಂದು ಔಷಧ ಸಿಗ್ತದೆ, ಅದನ್ನೂ ಹಾಕು."

"ಔಷಧ ಎಲ್ಲಿ ಸಿಗತೈತ್ರಿ?"

"ಅಮೆರಿಕದಲ್ಲಿ."

ಎರಡನೆಯದಾಗಿ ಮೂಲೆಯ ಗ್ಯಾರೇಜಿನ ಮಾಬುಸಾಬ್. ನನ್ನ ಸ್ಕೂಟರ್ ಇನ್ನೂ ಉಸಿರಾಡುತ್ತಿದ್ದದ್ದು ಇವನ ಕೃಪೆಯಿಂದ.

"ಪೂರಾ ಖಾಲಿ ಮಾಡ್ರಿ ಸಾರ್. ಒಂದು ಹನಿ ಇರಬಾರ್ದು. ಆಮೇಲೆ ಚಾಲೂ ಮಾಡಿ, ಒಳಗಿನ ಪೆಟ್ರೋಲ್ ಪೂರಾ ಸುಟ್ಟು ತಾನಾಗೇ ಬಂದ್ ಆಗೋ ತನಕ ಬಿಡ್ರಿ. ಇಲ್ಲಾಂದ್ರ ಪೆಟ್ರೋಲ್ ಕೆಟ್ಟು ಕಾರ್ಬೊರೇಟ್ರು ಜಾಮ್ ಆಗತೈತಿ."

"ಪೆಟ್ರೋಲ್ ಕೆಡತೈತೇನೋ? ಅದೇನು ಹಾಲೇನೋ?"

"ಹಾಲಾದ್ರ ಮೊಸರಾದ್ರೂ ಆಗತೈತಿ ಸಾರ್. ಇದು ಯಾತಕ್ಕೂ ಬರಂಗಿಲ್ಲ."

ಒಬ್ಬರು ತುಂಬಿಸು ಎನ್ನುತ್ತಾರೆ, ಇನ್ನೊಬ್ಬರು ಖಾಲಿ ಮಾಡು ಎನ್ನುತ್ತಾರೆ. ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಹಿಡಿದು ಓದಿದೆ. ಅದು ಒಂದು ಪುಟದಲ್ಲಿ ಖಾಲಿ ಮಾಡಿರಿ ಎಂದಿತು, ಮುಂದಿನ ಪುಟದಲ್ಲಿ ಅಥವಾ ಔಷಧ ಬೆರೆಸಿ ತುಂಬಿಸಿರಿ ಎಂದಿತು. ನನ್ನ ತಲೆ ಗಿರ್ರೆಂದಿತು. ಕೊನೆಗೆ ಮಾಬುಸಾಬನ ಮಾತೇ ಸರಿ ಎಂದುಕೊಂಡು, ಹಿತ್ತಲಲ್ಲಿ ಕುಳಿತು ಟ್ಯಾಂಕಿನ ಪೆಟ್ರೋಲನ್ನೆಲ್ಲ ಒಂದು ಪ್ಲಾಸ್ಟಿಕ್ ಕ್ಯಾನಿಗೆ ಬಗ್ಗಿಸಿದೆ. ಕಡೆಯ ಹನಿ ಬೀಳುವ ಹೊತ್ತಿಗೆ ಪಂಪಾವತಿ ಬಂದಳು.

"ಅಯ್ಯ! ಪೂರಾ ಬರಿದು ಮಾಡಿ ಇಡಾಕತ್ತೀರೇನು?"

"ಹೌದು. ಶಾಸ್ತ್ರೋಕ್ತವಾಗಿ."

"ಯಾವ ಶಾಸ್ತ್ರ? ಅಕ್ಕಿ ಡಬ್ಬಿ ತೊಳಿಯೋ ಮುಂದ ನೋಡೀರಿಲ್ಲ? ತಳಕ್ಕ ಒಂದು ಹಿಡಿ ಬಿಟ್ಟಽ ಬಿಡ್ತೀನಿ. ಕೊಡ ಬರಿದು ಇಡಂಗಿಲ್ಲ, ಸೇರು ಬರಿದು ಇಡಂಗಿಲ್ಲ. ಪೂಜಿ ಮಾಡಿ ಇಭೂತಿ ಹಚ್ಚಿದ ಮೆಷಿನ್ನು ಬರಿದು ಇಡ್ತೀರಾ? ಬೋರಿನ್ಯಾಗ ನೀರು ಬೀಳಬೇಕಂದ್ರ ಅದರ ಹೊಟ್ಟ್ಯಾಗೂ ಒಂದೀಟು ಇರಬೇಕು."

ಇದಕ್ಕೆ ಉತ್ತರ ಇಂಗ್ಲಿಷ್ ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಅಜ್ಜಿಯ ಕಾಲದಿಂದ ಯಾವ ಪಾತ್ರೆಯನ್ನೂ ಬರಿದು ಇಟ್ಟಿಲ್ಲ. ಇನ್ನೊಬ್ಬರ ಮನೆಗೆ ಪಾತ್ರೆ ಹಿಂದಿರುಗಿಸುವಾಗಲೂ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುವ ವಂಶ ನಮ್ಮದು. ಬೋರಿನ ಮಾತು ಬೇರೆ ಬಂದಿತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆಗ ಇಪ್ಪತ್ತೆರಡು ವರ್ಷದ ಸೇವಾನುಭವ ನನ್ನ ಕೈ ಹಿಡಿಯಿತು. ಮೂರು ಅಭಿಪ್ರಾಯಗಳು ಪರಸ್ಪರ ವಿರುದ್ಧವಾಗಿದ್ದಾಗ ಯಾರಿಗೂ ಬೇಸರವಾಗದಂತೆ ಆದೇಶ ಹೊರಡಿಸುವುದು ಹೇಗೆ ಎಂದು ನನಗೆ ಗೊತ್ತಿಲ್ಲವೇ? ತುಂಬ ತುಂಬಿಸುವುದೂ ಬೇಡ, ಪೂರ್ತಿ ಖಾಲಿಯೂ ಬೇಡ. ಅರ್ಧ! ಕ್ಯಾನಿನಿಂದ ಅರ್ಧ ಟ್ಯಾಂಕ್ ಪೆಟ್ರೋಲನ್ನು ವಾಪಸ್ ಸುರಿದೆ. ಆಚಾರ್ಯರಿಗೆ ಅರ್ಧ ಮರ್ಯಾದೆ, ಮಾಬುಸಾಬನಿಗೆ ಅರ್ಧ ಮರ್ಯಾದೆ, ಹೆಂಡತಿಗೆ ಒಂದು ಹಿಡಿಯ ಬದಲು ಹತ್ತು ಹಿಡಿ.

ಈ ಸಂಭ್ರಮದಲ್ಲಿ ಟ್ಯಾಂಕಿನ ಮುಚ್ಚಳ ಎಲ್ಲೋ ಹೋಯಿತು. ಜೋಪಾನವಾಗಿ ಎತ್ತಿಟ್ಟಿದ್ದೆ, ಎಲ್ಲಿ ಎಂಬುದಷ್ಟೇ ನೆನಪಿಲ್ಲ. ನಾನು ಧೃತಿಗೆಡಲಿಲ್ಲ. ಉಪ್ಪಿನಕಾಯಿ ಕೆಡಬಾರದೆಂದು ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಮಾವಿನಕಾಯಿಯನ್ನು ವರ್ಷಗಟ್ಟಲೆ ಕಾಯುವ ಬಟ್ಟೆ ಪೆಟ್ರೋಲನ್ನು ಆರು ತಿಂಗಳು ಕಾಯದೇ? ನನ್ನ ಹಳೆಯ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿದೆ. ಒಳಗೆ ಇಡೋಣವೆಂದರೆ ಪಂಪಾವತಿ, "ಒಲಿ ಇರೋ ಮನ್ಯಾಗ ಪೆಟ್ರೋಲ್ ತಂದ್ರ ನಾ ಕಂಪ್ಲಿ ತವರಿಗೆ ಹೋಗ್ತೀನಿ" ಎಂದಳು. ಆ ಒಂದು ವಿಷಯದಲ್ಲಿ ಆಕೆ ಹೇಳಿದ್ದು ನೂರಕ್ಕೆ ನೂರು ಸರಿ. ಹಾಗಾಗಿ ಹೊರಗಿನ ಮೆಟ್ಟಿಲ ಕೆಳಗೆ, ಲಾರಿಗಳು ಹಾಯುವ ರಸ್ತೆಗೆ ಮುಖ ಮಾಡಿ, ಕಂಬಳಿ ಹೊದಿಸಿ ಮಲಗಿಸಿದೆ. ದಿನಾ ಕಚೇರಿಗೆ ಹೋಗುವಾಗ ಅದಕ್ಕೊಂದು ನಮಸ್ಕಾರ ಹಾಕುತ್ತಿದ್ದೆ. ಕಂಬಳಿ ಎತ್ತಿ ನೋಡುತ್ತಿರಲಿಲ್ಲ. ಎತ್ತಿಟ್ಟದ್ದನ್ನು ತೆಗೆದು ನೋಡುವ ಅಭ್ಯಾಸ ನಮ್ಮ ರೆಕಾರ್ಡ್ ರೂಮಿನಲ್ಲಿ ಇಲ್ಲ.

ಬೇಸಿಗೆ ಕಳೆಯಿತು. ಹೊಸಪೇಟೆಯ ಬೇಸಿಗೆ! ಮೆಟ್ಟಿಲ ಮೇಲೆ ಹಪ್ಪಳ ಇಟ್ಟರೆ ಸುಟ್ಟುಕೊಂಡೇ ಏಳುತ್ತಿತ್ತು. ಎರಡು ಮಳೆ ಬಿದ್ದು ಪಾರ್ಕಿನಲ್ಲಿ ಹುಲ್ಲು ಮೊಣಕಾಲುದ್ದ ಬಂತು. ಹುಲುಗಪ್ಪನವರಿಂದ ಹೇಳಿಕೆ ಬಂತು: "ಬರೋ ಐತವಾರ ಮುಂಜಾನಿ ಬರ್ತೀನಿ."

ಶುಕ್ರವಾರ ಕಚೇರಿಗೆ ರಜೆ ಹಾಕಿ ಕಂಬಳಿ ತೆಗೆದೆ. ಬಿಳಿ ಪಂಚೆಯ ತುಂಡು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದರೆ ಒಳಗೆ ಪೆಟ್ರೋಲೇ ಇಲ್ಲ! ತಳದಲ್ಲಿ ಕಂಪ್ಲಿಯ ಜೋನಿಬೆಲ್ಲದಂಥ ಕಂದು ಪದಾರ್ಥವೊಂದು ಅಂಟಿಕೊಂಡಿತ್ತು. ಮೂಸಿದೆ. ಬಾಗಿಲಿಗೆ ವಾರ್ನಿಶ್ ಹೊಡೆದ ಮನೆಯ ವಾಸನೆ. ಬಾಯಿಗೆ ಬರೀ ಬಟ್ಟೆ ಕಟ್ಟಿದರೆ ಪೆಟ್ರೋಲು ಹಾರಿಹೋಗುತ್ತದೆ, ಉಳಿದದ್ದು ಹೀಗೆ ಗೋಂದಾಗುತ್ತದೆ ಎಂಬ ವಿಜ್ಞಾನ ಆಗ ನನಗೆ ತಿಳಿದಿರಲಿಲ್ಲ. ಹಗ್ಗ ಹಿಡಿದು ಎಳೆದೆ. ಯಂತ್ರ ಮಾತಾಡಲಿಲ್ಲ. ಇಪ್ಪತ್ತು ಸಲ ಎಳೆದೆ. ನನ್ನ ಬಲ ಭುಜ ಮಾತ್ರ ಕಟ್ ಎಂದಿತು.

"ಏನಾತ್ರೀ?" ಎಂದಳು ಪಂಪಾವತಿ ಒಳಗಿನಿಂದ.

"ಏನಿಲ್ಲ, ನಿದ್ದಿಗಣ್ಣಾಗ ಐತಿ."

ಮಾಬುಸಾಬನನ್ನು ಕರೆತರಬೇಕು ಎಂದು ಸ್ಕೂಟರ್ ತೆಗೆದೆ. ಅದರಲ್ಲಿ ಪೆಟ್ರೋಲು ತಳ ಕಂಡಿತ್ತು. ಹಿತ್ತಲಲ್ಲಿ ಏಳು ತಿಂಗಳಿಂದ ಬಿಸಿಲು ಕಾಯುತ್ತಿದ್ದ ಕ್ಯಾನು ಕಣ್ಣಿಗೆ ಬಿತ್ತು. ಅದರಲ್ಲಿ ಉಳಿದಿದ್ದ ಪೆಟ್ರೋಲನ್ನು ಸುಮ್ಮನೆ ಯಾಕೆ ಹಾಳು ಮಾಡುವುದು? ಸ್ಕೂಟರಿಗೆ ಸುರಿದೆ. ಮೂಲೆಯ ಗ್ಯಾರೇಜಿಗೆ ಹೋದರೆ ಬೀಗ. ಪಕ್ಕದ ಒಗ್ಗರಣಿ-ಮಿರ್ಚಿ ಅಂಗಡಿಯವನು, "ಮಾಬು ಯಶವಂತನಗರಕ್ಕ ಹೋಗ್ಯಾನ್ರಿ. ಅಲ್ಲಿ ಲಾರಿ ರಿಪೇರಿ ಭಾಳ ನಡದೈತಿ, ಇನ್ನ ಹದಿನೈದು ದಿನ ಬರಂಗಿಲ್ಲ" ಎಂದ. ಊರಿನ ಮೆಕಾನಿಕ್ಕುಗಳೆಲ್ಲ ಅದಿರಿನ ಹಿಂದೆ ಹೋಗಿದ್ದರು. ಅಲ್ಲಿಗೇ ಹೋಗಿ ಹಿಡಿಯೋಣವೆಂದು ಸಂಡೂರಿನ ದಾರಿ ಹಿಡಿದೆ.

ಊರು ದಾಟಿ ಸ್ವಲ್ಪ ದೂರಕ್ಕೆ ಸ್ಕೂಟರ್ ಮೂರು ಸಲ ಬಿಕ್ಕಿ ಪ್ರಾಣ ಬಿಟ್ಟಿತು. ಹಳೆಯ ಪೆಟ್ರೋಲು ತನ್ನ ಕೆಲಸ ಮಾಡಿತ್ತು! ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಾನು. ತಳ್ಳಿಕೊಂಡು ಮನೆ ಸೇರುವಷ್ಟರಲ್ಲಿ ಎಷ್ಟು ಲಾರಿಗಳ ಧೂಳು ನನ್ನ ಮೇಲೆ ಬಿತ್ತೋ ಲೆಕ್ಕವಿಲ್ಲ. ಬಾಗಿಲು ತೆರೆದ ಪಂಪಾವತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅವ್ರು ಮನ್ಯಾಗ ಇಲ್ರಿ. ಸಂಜಿ ಬರ್ರಿ" ಎಂದು ಬಾಗಿಲು ಹಾಕಿಕೊಂಡಳು!

ಆ ದಿನ ನಲ್ಲಿ ನೀರು ಬರುವ ದಿನವಲ್ಲ. ಒಂದು ಚೊಂಬು ನೀರಿನಲ್ಲಿ ಮುಖವನ್ನಷ್ಟೇ ಮನುಷ್ಯನ ಬಣ್ಣಕ್ಕೆ ತಂದುಕೊಂಡು ಕುಳಿತೆ. ಆಗ ಮೊದಲ ಸಲ ನಾನು ಲೆಕ್ಕ ಹಾಕಿದೆ. ಈ ಯಂತ್ರ ಚಾಲೂ ಆಗದಿದ್ದರೆ ಬೋರು ಇಲ್ಲ. ಬೋರು ಇಲ್ಲದಿದ್ದರೆ ಈ ಕಾಲೋನಿಯ ಅರವತ್ತು ಮನೆಯವರು ದಿನಾ ಬೆಳಿಗ್ಗೆ ಕೊಡ ಹಿಡಿದು ಮೊದಲು ನೆನೆಯುವುದು ನನ್ನ ಹೆಸರನ್ನೇ.

ಶನಿವಾರ ನಾನೇ ಶಸ್ತ್ರಚಿಕಿತ್ಸೆಗೆ ಇಳಿದೆ. ಇಂಗ್ಲಿಷ್ ಪುಸ್ತಕದ ಚಿತ್ರ ನೋಡಿಕೊಂಡು ಕಾರ್ಬೊರೇಟರ್ ಬಿಚ್ಚಿದೆ. ಒಳಗೆಲ್ಲ ಅದೇ ಜೋನಿಬೆಲ್ಲ ಗಟ್ಟಿಯಾಗಿ ಅಂಟಿತ್ತು. ಹಿತ್ತಾಳೆಯ ಭಾಗಗಳು ಕಂಡ ತಕ್ಷಣ ನನಗೆ ದಾರಿ ಹೊಳೆಯಿತು. ಮನೆಯ ಹಿತ್ತಾಳೆ ದೀಪದ ಸಮೆ, ತಾಮ್ರದ ಕೊಡ ಹೇಗೆ ಬೆಳಗುತ್ತಾರೆ? ಹುಣಸೆಹಣ್ಣು! ಪಂಪಾವತಿ ಸಾರಿಗೆ ನೆನೆಹಾಕಿದ್ದ ಹುಣಸೆಹಣ್ಣಿನ ಬಟ್ಟಲನ್ನು ಎತ್ತಿಕೊಂಡು ಬಂದು ಎಲ್ಲವನ್ನೂ ತಿಕ್ಕಿ ತಿಕ್ಕಿ ಬೆಳಗಿದೆ. ಹೊರಗೆಲ್ಲ ಫಳಫಳ ಹೊಳೆಯಿತು. ಒಳಗಿನ ಸೂಜಿ ತೂತಿನಂಥ ರಂಧ್ರಗಳಲ್ಲಿ ಮೊದಲು ಪೆಟ್ರೋಲಿನ ಗೋಂದಷ್ಟೇ ಇತ್ತು, ಈಗ ಹುಣಸೆಯ ನಾರೂ ಸೇರಿತು. ಮತ್ತೆ ಜೋಡಿಸಿದಾಗ ಒಂದು ಸ್ಪ್ರಿಂಗ್ ಉಳಿಯಿತು. ಕಂಪನಿಯವರ ಧಾರಾಳತನವೆಂದು ಭಾವಿಸಿ, ಅದನ್ನು ಲಕೋಟೆಯಲ್ಲಿ ಹಾಕಿ, ಮೇಲೆ 'ಹೆಚ್ಚುವರಿ ಬಿಡಿಭಾಗ, ಒಂದು' ಎಂದು ಬರೆದು ಎತ್ತಿಟ್ಟೆ. ತಳದ ಬೆಲ್ಲದ ಮೇಲೆಯೇ ಹೊಸ ಪೆಟ್ರೋಲು ತರಿಸಿ ಸುರಿದೆ. ಹಳೆಯ ಮಜ್ಜಿಗೆಗೆ ಹೊಸ ಹಾಲು ಹಾಕುವುದಿಲ್ಲವೇ, ಹಾಗೆ. ಬಾಯಿಗೆ ಮತ್ತೆ ಬಟ್ಟೆ ಕಟ್ಟಿದೆ.

ಅಂದು ಅನ್ನಕ್ಕೆ ಸಾರಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಕುರ್ಚಿ ಹಾಕಿದ್ದೆವು. ಹೆಂಗಸರು ಬೋರ್ ಬೀಳುವ ಜಾಗ ಇದೇ ಇರಬಹುದೆಂದು ಊಹಿಸಿ ಆಗಲೇ ಕೊಡಗಳನ್ನು ಸಾಲಾಗಿ ಇಟ್ಟಿದ್ದರು! ನಾನು ಆ ಸಾಲಿಗೆ ಬೆನ್ನು ಹಾಕಿ ನಿಂತೆ. ಹುಲುಗಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದಿಳಿದರು. ಕಾಯಿ ಒಡೆದದ್ದಾಯಿತು. ಪಂಪಾವತಿ ಕರ್ಪೂರ ಹಚ್ಚಲು ಕಡ್ಡಿ ಗೀರಿದಳು.

"ಏಯ್ ಏಯ್ ತಂಗಿ, ಬ್ಯಾಡ ಬ್ಯಾಡ! ಪೆಟ್ರೋಲ್ ಐತಿ!" ಎಂದು ಹುಲುಗಪ್ಪನವರು ಹಾರಿ ಬಂದು ಕಡ್ಡಿ ಆರಿಸಿದರು. ಆಮೇಲೆ ತೋಳು ಮಡಚಿ ಹಗ್ಗ ಎಳೆದರು.

ನಿಶ್ಶಬ್ದ.

ಎರಡನೆಯ ಸಲ ಎಳೆದರು. ಯಂತ್ರ ಮುದುಕನಂತೆ ಒಮ್ಮೆ ಕೆಮ್ಮಿತು. ಮೂರನೆಯ ಸಲ ಮೈಯೆಲ್ಲ ಬಲ ಹಾಕಿ ಎಳೆದರು. ಢಬ್! ಕಂದು ಬಣ್ಣದ ಒಂದು ಪಿಚಕಾರಿ ಹೊರಬಂದು ಬಿಳಿ ಅಂಗಿಯ ಮೇಲೆ ಎಡದಿಂದ ಬಲಕ್ಕೆ ಚಿತ್ತಾರ ಬರೆಯಿತು. ಸುತ್ತ ಹುಳಿಸಾರಿನ ವಾಸನೆ ಹರಡಿತು.

ಹುಲುಗಪ್ಪನವರು ಬಗ್ಗಿ, ಟ್ಯಾಂಕಿನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಳಗೆ ಅರ್ಧಕ್ಕೆ ಮೂಡಿದ್ದ ಕಂದು ಗೆರೆ ನೋಡಿ, ಬೆರಳದ್ದಿ ಮೂಸಿದರು. ಹಳೆಯ ಕ್ಲೀನರ್ ಅಲ್ಲವೇ? ಒಂದೇ ಮೂಸಿಗೆ ಏಳು ತಿಂಗಳ ಚರಿತ್ರೆ ಅವರಿಗೆ ಗೊತ್ತಾಯಿತು.

"ಯಾರ್ರೀ ಇದನ್ನ ಅರ್ಧ ಟ್ಯಾಂಕ್ ಇಟ್ಟವ್ರು?"

ನಾನು ಆಚಾರ್ಯರ ಕಡೆ ನೋಡಿದೆ.

"ನಾನು ಪೂರ್ತಿ ತುಂಬಿಸು ಅಂದಿದ್ದೆನಪ್ಪ" ಎಂದರು ಆಚಾರ್ಯರು.

"ಮಾಬುಸಾಬ್ ಪೂರಾ ಖಾಲಿ ಅಂದಿದ್ದ" ಎಂದೆ ನಾನು.

"ನಾ ಒಂದ್ ಹಿಡಿ ಅಂದಿದ್ದೆ" ಎಂದಳು ಪಂಪಾವತಿ.

"ಮೂರೂ ಮಂದಿ ಮಾತು ಒಂದೊಂದು ನಮೂನಿ. ಅರ್ಧ ಅಂದವ್ರು ಯಾರು?"

ಅರ್ಧ ಎಂದವನು ಭೂಮಂಡಲದಲ್ಲಿ ನಾನೊಬ್ಬನೇ ಇದ್ದೆ. ಕೈ ಎತ್ತಿದೆ. ಎಡಗೈ. ಬಲಭುಜ ಮೇಲೇಳುತ್ತಿರಲಿಲ್ಲ.

ಅವರು ಕಾರ್ಬೊರೇಟರನ್ನು ಅಲುಗಿಸಿ ನೋಡಿ, "ಇಲ್ಲಿದ್ದ ಸ್ಪ್ರಿಂಗ್ ಎಲ್ಲಿ?" ಎಂದರು. ಪಂಪಾವತಿ ಮನೆಗೆ ಓಡಿ ಲಕೋಟೆ ತಂದು ಕೊಟ್ಟಳು. ಅವರು ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದರು. ಇಡೀ ಕಾಲೋನಿ ಗೊಳ್ಳೆಂದಿತು. ಹುಲುಗಪ್ಪನವರು ಮಾತ್ರ ನಗಲಿಲ್ಲ. ಅಂಗಿಯ ಕಲೆ ನೋಡಿಕೊಂಡು ಕಾರಿನ ಕಡೆ ಹೊರಟರು.

ಆಗ ನನ್ನ ಹೆಂಡತಿ ಹೋಗಿ ಅವರ ಮುಂದೆ ನಿಂತಳು.

"ಧಣೇರ, ಒಂದ್ ಮಾತು. ಮೆಷಿನ್ ಕೆಡಿಸಿದವ್ರು ಒಬ್ರು. ನೀರಿಲ್ಲದವ್ರು ಅರವತ್ತು ಮನಿ. ನಾ ಇಪ್ಪತ್ತು ವರ್ಷದಿಂದ ಇವ್ರ ಜೊತಿ ಅನುಭವಿಸಾಕತ್ತೀನಿ, ನನ್ನ ಹಣೆಬರಹ. ಇವ್ರು ಎತ್ತಿಟ್ಟಿದ್ದಕ್ಕ ಆ ಹೆಣ್ಮಕ್ಕಳು ಯಾಕ ಖಾಲಿ ಕೊಡ ಹೊತ್ಕೊಂಡು ಹೋಗಬೇಕು?"

ಹುಲುಗಪ್ಪನವರು ತಿರುಗಿ ಕೊಡಗಳ ಸಾಲು ನೋಡಿದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಆತು ತಂಗಿ, ಬೋರ್ ಹಾಕಿಸ್ತೀನಿ" ಎಂದರು ಕೊನೆಗೆ. ಹೆಂಗಸರು ಹೋ ಎಂದರು. ಅವರು ಬೆರಳೆತ್ತಿ ಮುಂದುವರಿಸಿದರು: "ಆದ್ರ ಮೋಟ್ರು ಇಲ್ಲ. ಕೈಲೆ ಹೊಡಿಯೋ ಬೋರು. ಪೆಟ್ರೋಲಿಲ್ಲ, ಕರೆಂಟಿಲ್ಲ, ತುಂಬಿಸಾದಿಲ್ಲ, ಖಾಲಿ ಮಾಡಾದಿಲ್ಲ. ಸೆಕ್ರೆಟ್ರಿ ಏನ್ ಮಾಡಿದ್ರೂ ಕೆಡಬಾರ್ದು ನೋಡ್ರಿ, ಅಂಥಾದ್ದು!"

ಹದಿನೈದು ದಿನದಲ್ಲಿ ಕೈಬೋರು ಬಂತು, ನೀರೂ ಬಿತ್ತು. ಬೆಳಿಗ್ಗೆ ಎದ್ದು ಮೊದಲ ಐವತ್ತು ಹೊಡೆತ ಹೊಡೆಯುವ ಗೌರವವನ್ನು ಹೆಂಗಸರೆಲ್ಲ ಸೇರಿ ನನಗೇ ಕೊಟ್ಟಿದ್ದಾರೆ. ಮಾಬುಸಾಬ್ ಯಶವಂತನಗರದಿಂದ ಬಂದು ಯಂತ್ರವನ್ನು ಅರ್ಧ ದಿನದಲ್ಲಿ ಸರಿಮಾಡಿದ. ಕಾರ್ಬೊರೇಟರಿನಿಂದ ಹುಣಸೆಬೀಜ ಒಂದನ್ನು ತೆಗೆದು ಎಲ್ಲರಿಗೂ ತೋರಿಸಿದನಂತೆ. ಅಷ್ಟು ದೊಡ್ಡ ಬೀಜ ಅಲ್ಲಿ ಹಿಡಿಸುವುದೇ ಇಲ್ಲ, ಸುಳ್ಳು ಹೇಳುತ್ತಾನೆ!

ಮುಂದಿನ ಸಭೆಯಲ್ಲಿ ಒಂದು ಠರಾವು ಪಾಸಾಯಿತು. ಸೆಕ್ರೆಟರಿಯಾದ್ದರಿಂದ ಅದನ್ನು ನಡಾವಳಿ ಪುಸ್ತಕದಲ್ಲಿ ನಾನೇ ಬರೆಯಬೇಕಾಯಿತು. 'ಇನ್ನು ಮುಂದೆ ಸಂಘದ ಯಾವುದೇ ಯಂತ್ರವನ್ನು ತುಂಬಿಸಿಯಾಗಲಿ, ಖಾಲಿಯಾಗಿಯಾಗಲಿ, ವಿಶೇಷವಾಗಿ ಅರ್ಧವಾಗಲಿ, ಸೆಕ್ರೆಟರಿಯವರ ಮನೆಯಲ್ಲಿ ಇಡತಕ್ಕದ್ದಲ್ಲ.' ಸೂಚಿಸಿದವರು ರಾಘವೇಂದ್ರಾಚಾರ್ಯರು. ಅನುಮೋದಿಸಿದವರು ಶ್ರೀಮತಿ ಪಂಪಾವತಿ ಕೊಟ್ರೇಶಪ್ಪ. ಸರ್ವಾನುಮತ.

ಕೆಳಗೆ ನನ್ನ ಸಹಿ ಬೇಕಿತ್ತು. ನನ್ನ ಜೀವನದ ಮುಖ್ಯವಾದ ಸಹಿಯ ಪ್ರಸಂಗ ಕೊನೆಗೂ ಬಂದಿತ್ತು. ಮನೆಯಿಂದ ಡಬ್ಬಿ ತರಿಸಿ, ಮಾವನವರು ಕೊಟ್ಟ ಇಂಕ್ ಪೆನ್ನನ್ನು ಗಂಭೀರವಾಗಿ ಹೊರತೆಗೆದೆ. ಬರೆದೆ, ಮೂಡಲಿಲ್ಲ. ಝಾಡಿಸಿದೆ, ಒಂದು ಹನಿಯೂ ಬೀಳಲಿಲ್ಲ. ಪಂಪಾವತಿ ಅದನ್ನು ಕೈಯಿಂದ ಕಿತ್ತುಕೊಂಡು ತಿರುಪು ಬಿಚ್ಚಿ ನೋಡಿದಳು. ಒಳಗೆ ಇಂಕು ಗಟ್ಟಿಯಾಗಿ, ಅರ್ಧದವರೆಗೆ, ಜೋನಿಬೆಲ್ಲದ ಹಾಗೆ ಅಂಟಿಕೊಂಡಿತ್ತು.